ಬೆಕ್ಕು ಸೊರಗಿದರೆ "ವಯಸ್ಸಾಯ್ತು" ಅನ್ನಬೇಡಿ

ನಮ್ಮ ಕಾರವಾರದ ಕಡೆ ಮೀನು ಹೆಚ್ಚುವ ಹೊತ್ತಿಗೆ ಹಿತ್ತಲಿಗೆ ಬರದ ಬೆಕ್ಕಿಲ್ಲ. ಅಂಥ ಬೆಕ್ಕು ಬಂಗಡೆ ತಲೆಯನ್ನು ಮೂಸಿ ಬಿಟ್ಟುಹೋದರೂ ನಾವು ಹೇಳುವುದು ಒಂದೇ, "ವಯಸ್ಸಾಯ್ತಲ್ಲ, ಬಿಡಿ." ಈ ಮಾತನ್ನು ನಾನು ಒಪ್ಪುವುದಿಲ್ಲ.

ನಮ್ಮ ಮನೆಯ ಬೆಕ್ಕು ಕಳೆದ ಮಳೆಗಾಲದಲ್ಲಿ ಹೋಯಿತು. ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಕ್ಯಾನ್ಸರ್. ಬೆಕ್ಕುಗಳಲ್ಲಿ ಅಪರೂಪ, ಬಂದರೆ ಹೆಚ್ಚಾಗಿ ಮುದಿ ಬೆಕ್ಕುಗಳಿಗೆ. ಊಟ ಬಿಡುತ್ತವೆ, ಸೊರಗುತ್ತವೆ, ವಾಂತಿ ಮಾಡುತ್ತವೆ. ಗಡ್ಡೆ ಪಿತ್ತನಾಳವನ್ನು ಒತ್ತಿದರೆ ಕಾಮಾಲೆಯೂ ಆಗುತ್ತದೆ. ಕೆಲವಕ್ಕೆ ಹೊಟ್ಟೆಯ, ಕಾಲಿನ ಒಳಬದಿಯ ಕೂದಲು ಉದುರಿ ಚರ್ಮ ಎಣ್ಣೆ ಸವರಿದಂತೆ ಹೊಳೆಯುತ್ತದೆ. ನಮ್ಮದಕ್ಕೂ ಹಾಗೇ ಆಯಿತು. ಅಕ್ಕಪಕ್ಕದವರು ಕಜ್ಜಿ ಅಂದರು. ಡಾಕ್ಟ್ರು ಮಾತ್ರ ಆ ಹೊಳಪು ನೋಡಿ, ಮೊದಲು ಹೊಟ್ಟೆ ಸ್ಕ್ಯಾನ್ ಮಾಡಿಸಿ ಅಂದರು. ಗೋವಾಕ್ಕೆ ಒಯ್ದೆವು. ಗಡ್ಡೆ ಲಿವರ್‌ಗೂ ಹಬ್ಬಿತ್ತು.

"ವಾಸಿಯಾಗದ ಕಾಯಿಲೆ ಅಂತ ತಿಳ್ಕೊಳ್ಳೋಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಎಂದು ನೆಂಟರೊಬ್ಬರು ಕೇಳಿದರು. ಹೋಗಬೇಕಿತ್ತು. ಮೇದೋಜೀರಕದ ಉರಿಯೂತ, ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆಯಲ್ಲೂ ಬೆಕ್ಕು ಹೀಗೇ ಸೊರಗುತ್ತದೆ. ಅವು ಈ ಕ್ಯಾನ್ಸರ್‌ಗಿಂತ ಎಷ್ಟೋ ಸಾಮಾನ್ಯ, ಅವಕ್ಕೆ ಮದ್ದೂ ಉಂಟು. ಪರೀಕ್ಷೆಯೇ ಮಾಡಿಸದಿದ್ದರೆ ಬದುಕಬಹುದಾಗಿದ್ದ ಬೆಕ್ಕೂ ಸಾಯುತ್ತದೆ.

ಕ್ಯಾನ್ಸರ್ ಎಂದೇ ಗೊತ್ತಾದರೂ ಮಾಡುವುದು ಬಹಳ ಇರುತ್ತದೆ. ಗೊತ್ತಾಗುವ ಹೊತ್ತಿಗೆ ಅದು ಹರಡಿರುವುದೇ ಹೆಚ್ಚು, ಉಳಿಯುವುದು ಸಾಮಾನ್ಯವಾಗಿ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಆ ದಿನಗಳಿಗಾಗಿ ನೋವಿನ ಔಷಧಿ ಕೇಳಿ. ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ, ಕೂಗಲಿಲ್ಲ ಅಂದರೆ ನೋವಿಲ್ಲ ಅಂತಲ್ಲ. ವಾಂತಿ ನಿಲ್ಲಿಸಲು, ಹಸಿವು ಬರಿಸಲು ಮದ್ದಿದೆ. ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರ ದಯವಿಟ್ಟು ಕೊಡಬೇಡಿ, ಬೆಕ್ಕಿಗೆ ಅದು ವಿಷ, ಒಂದೇ ಮಾತ್ರೆ ಕೊಲ್ಲಬಹುದು. ಕಡೆಗೆ ನೀರೂ ಬಿಟ್ಟಾಗ ನೋವಿಲ್ಲದೆ ಸಾಯಲು ಡಾಕ್ಟ್ರು ಕೊಡುವ ಇಂಜೆಕ್ಷನ್‌ಗೆ ಒಪ್ಪುವುದು ಪಾಪ ಎಂದು ಅಮ್ಮ ಅತ್ತರು. ನರಳಲು ಬಿಡುವುದೇ ದೊಡ್ಡ ಪಾಪ ಎಂದು ನಾನು ಈಗಲೂ ನಂಬುತ್ತೇನೆ.

ಮನುಷ್ಯರಿಗೇ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಕೂಗುತ್ತಿರುವ ಜಿಲ್ಲೆ ನಮ್ಮದು. ಇಲ್ಲಿ ಬೆಕ್ಕಿಗೆ ಸ್ಕ್ಯಾನಿಂಗ್ ಕೇಳುವುದು ಅತಿ ಅನಿಸಬಹುದು. ನಾನು ಎರಡನ್ನೂ ಕೇಳುತ್ತೇನೆ.

ಅಲ್ಲಿಯವರೆಗೆ ತಿಂಗಳಿಗೊಮ್ಮೆ ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ, ಬರೆದಿಡಿ. 4 ಕೆಜಿ ಬೆಕ್ಕು 400 ಗ್ರಾಂ ಇಳಿದರೆ ಹತ್ತರಲ್ಲಿ ಒಂದು ಪಾಲು ಹೋದಂತೆ. ಅಷ್ಟಾದರೆ ಕಾಯದೆ ಡಾಕ್ಟ್ರ ಹತ್ತಿರ ಹೊರಡಿ.