ಹಣ ಕೇಳಲು ಬಾರದ ಡಾಕ್ಟರೇಟ್

ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಕುರಿತ ಎರಡು ಕ್ರೆಡಿಟ್‌ಗಳ ಕೋರ್ಸನ್ನು ಯುಜಿಸಿ 2019ರಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಕಡ್ಡಾಯ ಮಾಡಿತು. ಒಳ್ಳೆಯದೇ. ಆದರೆ ಆ ಸಂಶೋಧನೆಗೆ ಹಣ ಕೇಳುವುದು ಹೇಗೆಂದು ಹೇಳಿಕೊಡುವ ಗೊಡವೆಗೆ ನಮ್ಮ ಬಹುತೇಕ ವಿಭಾಗಗಳು ಹೋಗುವುದಿಲ್ಲ. ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಬೆವರು ಹರಿಸಿದ ಹುಡುಗಿ, ಉಪನ್ಯಾಸಕಿಯಾದ ಮೇಲೆ ಸಂಶೋಧನೆಗೆ ಅನುದಾನ ಕೊಡುವ ಕೇಂದ್ರದ ಸಂಸ್ಥೆ ಎಎನ್‌ಆರ್‌ಎಫ್‌ನ ಅರ್ಜಿ ನಮೂನೆಯ ಮುಂದೆ ಕುಳಿತು ಕಂಗಾಲಾಗುತ್ತಾಳೆ.

‘ಕಲಿಸುತ್ತೇವಲ್ಲ’ ಎನ್ನುವ ಮಾರ್ಗದರ್ಶಕರೂ ಇದ್ದಾರೆ. ಅವರ ಪಾಠದ ಬಗೆ ಗೊತ್ತಿದೆ: ಕೊನೆಯ ದಿನದ ಹಿಂದಿನ ರಾತ್ರಿ ವಿದ್ಯಾರ್ಥಿಯನ್ನು ಕೂರಿಸಿ ತಮ್ಮ ಅನುದಾನದ ಪ್ರಸ್ತಾವನೆ ಬರೆಸಿಕೊಳ್ಳುವುದು. ಮಂಜೂರಾದರೆ ಹೆಸರು ಗುರುಗಳದು. ತಿರಸ್ಕೃತವಾದರೆ ವಿಮರ್ಶಕರ ಟಿಪ್ಪಣಿ ಬರೆದವನ ಕಣ್ಣಿಗೂ ಬೀಳುವುದಿಲ್ಲ. ಅವನು ಓದಲೇಬೇಕಾಗಿದ್ದದ್ದು ಅದೊಂದನ್ನೇ! ಇದಕ್ಕೆ ಬಿಟ್ಟಿ ಚಾಕರಿ ಎನ್ನುತ್ತಾರೆ.

ನಾನು ಮೊದಲು ಬರೆಸುವುದಿಲ್ಲ, ಓದಿಸುತ್ತೇನೆ. ಬರೆದವರ ಒಪ್ಪಿಗೆ ಪಡೆದು, ಹೆಸರು ಅಳಿಸಿದ ಹಳೆಯ ಪ್ರಸ್ತಾವನೆಗಳನ್ನು ಕೊಟ್ಟು, ವಿದ್ಯಾರ್ಥಿಗಳನ್ನೇ ತಜ್ಞರ ಸಮಿತಿಯಂತೆ ಕೂರಿಸುತ್ತೇನೆ. ಒಂದಕ್ಕೆ ಮಾತ್ರ ಸಾಲುವಷ್ಟು ಹಣ. ಸ್ವಲ್ಪ ಹೊತ್ತಿನಲ್ಲೇ ಎಲ್ಲರೂ ನಿಷ್ಠುರರಾಗುತ್ತಾರೆ. ‘ಮೂರನೇ ಪುಟದವರೆಗೂ ಪ್ರಶ್ನೆಯೇ ಇಲ್ಲ ಸರ್’ ಎಂದು ಒಬ್ಬ ಸಿಡುಕಿದ. ಅವನದೇ ಕರಡು ‘ನೀರು ಸಕಲ ಜೀವಿಗಳಿಗೆ ಆಧಾರ’ ಎಂದು ಆರಂಭವಾಗಿತ್ತು.

ಅವನ ವಿಷಯ ಕೋಲಾರದ ಕೊಳವೆಬಾವಿಗಳ ಫ್ಲೋರೈಡ್. ಅಲ್ಲಿ ಫ್ಲೋರೈಡ್ ಇದೆಯೆಂಬುದು, ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಹಳೆಯ ಸಂಗತಿ. ಮತ್ತೆ ಅಳೆಯಲು ಯಾರು ಹಣ ಕೊಡುತ್ತಾರೆ? ‘ನಿನ್ನನ್ನು ಕಾಡುವುದೇನು, ಕನ್ನಡದಲ್ಲೇ ಹೇಳು’ ಎಂದೆ. ‘ಒಂದೇ ಊರಿನ ಅಕ್ಕಪಕ್ಕದ ಬಾವಿಗಳಲ್ಲಿ ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ, ಯಾಕೆ?’ ಎಂದ. ಅದನ್ನೇ ಮೊದಲ ವಾಕ್ಯ ಮಾಡಿಸಿದೆ. ಬಂಡೆಯ ಖನಿಜವೇ, ಬಾವಿಯ ಆಳವೇ, ನೀರು ಬಿರುಕುಗಳಲ್ಲಿ ನಿಂತ ಕಾಲವೇ ಎಂದು ಪರೀಕ್ಷಿಸಬೇಕಾದ ಊಹೆಗಳು ಬೆನ್ನಿಗೇ ಬಂದವು. ಇಂಗ್ಲಿಷ್ ಆಮೇಲೆ ಬಂತು, ಅಷ್ಟೇನೂ ಕಾಡಿಸದೆ.



ಪ್ರಸ್ತಾವನೆಯನ್ನು ತಜ್ಞರ ಸಮಿತಿಯ ಮುಂದೆ ಮಂಡಿಸುವುದು ಬೇರೆಯೇ ಕಥೆ. ಹತ್ತು ನಿಮಿಷಕ್ಕೆ ನಲವತ್ತು ಸ್ಲೈಡ್! ಸಮಿತಿಯಲ್ಲಿ ಇರುವವರೆಲ್ಲ ನಿಮ್ಮ ಉಪವಿಷಯದವರಲ್ಲ. ಹಾಗಾಗಿ ಅಭ್ಯಾಸಕ್ಕೆ ಬೇರೆ ವಿಭಾಗದವರನ್ನು ಕರೆಯುತ್ತೇನೆ. ‘ಮೊದಲ ಉದ್ದೇಶ ಕೈಕೊಟ್ಟರೆ ಉಳಿದೆರಡರ ಗತಿಯೇನು?’ ಎಂದು ಸಸ್ಯಶಾಸ್ತ್ರದವರು ಕೇಳಿದಾಗ ತಬ್ಬಿಬ್ಬಾಗದವರು ಕಡಿಮೆ.

2020–21ರಲ್ಲಿ ಜಿಡಿಪಿಯ ಶೇ 0.64ರಷ್ಟನ್ನು ಮಾತ್ರ ಸಂಶೋಧನೆಗೆ ವ್ಯಯಿಸಿದ ದೇಶದಲ್ಲಿ ಅರ್ಜಿ ಬರೆಯಲು ಕಲಿಸಿ ಏನು ಫಲ ಎಂದು ಗೆಳೆಯರೊಬ್ಬರು ಕೇಳಿದರು. ಕಲಿಸಿದರೆ ಹಣ ಹೆಚ್ಚುವುದಿಲ್ಲ, ನಿಜ. ಆದರೆ ದೊಡ್ಡ ಸಂಸ್ಥೆಗಳ ಮಕ್ಕಳಿಗೆ ಗುಟ್ಟು ಹೇಳಿಕೊಡಲು ಹಿರಿಯರಿದ್ದಾರೆ. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳ ಮಕ್ಕಳಿಗೆ ಯಾರಿದ್ದಾರೆ? ಇರುವ ಅಲ್ಪ ಹಣವೂ ಗೊತ್ತಿದ್ದವರ ಪಾಲಾಗುತ್ತದೆ.

ಯಾವ ವಿಭಾಗದವರು ಕರೆದರೂ ಈ ಅಣಕು ಸಮಿತಿಯನ್ನು ನಡೆಸಿಕೊಡುತ್ತೇನೆ. ಬಸ್ ಚಾರ್ಜ್ ನನ್ನದೇ. ತಿರಸ್ಕೃತವಾದ ನಾಲ್ಕಾರು ಪ್ರಸ್ತಾವನೆಗಳನ್ನು, ವಿಮರ್ಶಕರ ಟಿಪ್ಪಣಿಗಳ ಸಮೇತ, ಹುಡುಕಿಟ್ಟಿರಿ.