ಕಡ್ಡಾಯವಾಗಲಿ, ದಂಡ ಬೇಡ

ಮಕ್ಕಳಿಗೆ ಲಸಿಕೆ ಹಾಕಿಸುವುದು, ಬಿಡುವುದು ಹೆತ್ತವರ ಇಷ್ಟಕ್ಕೆ ಸೇರಿದ್ದು ಎಂದು ಪತ್ರಿಕೆಯ ಲೇಖನವೊಂದರಲ್ಲಿ ವಾದಿಸಿರುವ ಲೇಖಕರ ನಿಲುವನ್ನು ನಾನು ಒಪ್ಪಲಾರೆ. ದಡಾರ ಹರಡದಿರಬೇಕಾದರೆ ನೂರರಲ್ಲಿ ಸುಮಾರು 95 ಮಕ್ಕಳಿಗಾದರೂ ಎರಡೂ ಡೋಸ್ ಆಗಿರಬೇಕು. ಮೊದಲ ಡೋಸ್ ಹಾಕುವುದೇ ಒಂಬತ್ತು ತಿಂಗಳು ತುಂಬಿದ ಮೇಲಾದ್ದರಿಂದ, ಅದಕ್ಕಿಂತ ಚಿಕ್ಕ ಕೂಸಿನ ರಕ್ಷಣೆ ಅಕ್ಕಪಕ್ಕದ ಮನೆಯವರ ತೀರ್ಮಾನದ ಮೇಲೆಯೇ ನಿಂತಿರುತ್ತದೆ.

ಆದರೆ ಕಡ್ಡಾಯವೆಂದರೆ ದಂಡ ವಿಧಿಸುವುದು ಎಂದಾದರೆ ಅದಕ್ಕೂ ನನ್ನ ತಕರಾರಿದೆ. ನಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಿಗೆ ಕೆಲಸಕ್ಕೆ ಹೋಗುವ ತಾಯಂದಿರಲ್ಲಿ ಲಸಿಕೆಯನ್ನು ವಿರೋಧಿಸುವವರನ್ನು ನಾನು ಕಂಡದ್ದು ಕಡಿಮೆ. ಐದು ರೋಗಗಳ ವಿರುದ್ಧ ಒಟ್ಟಿಗೆ ಹಾಕುವ ಪೆಂಟಾವಲೆಂಟ್ ಲಸಿಕೆ ಚುಚ್ಚಿಸಿದ ರಾತ್ರಿ ಮಗುವಿಗೆ ಜ್ವರ ಬಂದು, ತೊಡೆ ಊದಿಕೊಂಡು, ಮರುದಿನದ ಕೂಲಿ ಕೈತಪ್ಪುತ್ತದೆಂಬ ಲೆಕ್ಕಾಚಾರದಲ್ಲಿ ಆರು, ಹತ್ತು, ಹದಿನಾಲ್ಕನೆಯ ವಾರಗಳ ಸರದಿಯಲ್ಲಿ ಯಾವುದೋ ಒಂದು ತಪ್ಪಿಹೋಗಿರುತ್ತದೆ. ನಮ್ಮ ಬೀದಿಯ ಒಬ್ಬ ತಾಯಿ ಮಗುವಿನ ಲಸಿಕೆಗಳನ್ನು ಗುರುತು ಹಾಕುವ ‘ತಾಯಿ ಕಾರ್ಡ್’ ಅನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೋಪಾನ ಮಾಡಿದ್ದರು. ಅದರಲ್ಲಿ ಮೂರನೆಯ ಡೋಸಿನ ಚೌಕ ಮಾತ್ರ ಖಾಲಿ. ಆಶಾ ಕಾರ್ಯಕರ್ತೆ ಸಂಜೆ ಹೊತ್ತು ಬಂದು, ಜ್ವರ ಏಕೆ ಬರುತ್ತದೆಂದು ಕೂತು ವಿವರಿಸಿದ ಮೇಲೆ ಅದೂ ತುಂಬಿತು. (ಇಂತಹವರಿಗೆ ದಂಡ ಹಾಕಿದ್ದರೆ ಕಾರ್ಡನ್ನೇ ಬಚ್ಚಿಡುತ್ತಿದ್ದರು.)

2011ರ ಜನವರಿಯ ನಂತರ ದೇಶದಲ್ಲಿ ವೈಲ್ಡ್ ಪೋಲಿಯೊ (ಸಹಜವಾಗಿ ಹರಡುವ ಮೂಲ ವೈರಸ್‌ನಿಂದ ಬರುವ ಪೋಲಿಯೊ) ಪ್ರಕರಣ ಕಾಣದಿರುವುದರ ಹಿಂದೆಯೂ ಮನೆಮನೆ ತಿರುಗಿದವರ ಶ್ರಮವಿದೆ. ಅಂಗನವಾಡಿಗೆ ಸೇರಿಸಿಕೊಳ್ಳುವಾಗ ಕಾರ್ಡ್ ನೋಡುವುದನ್ನು ಕಡ್ಡಾಯ ಮಾಡಲಿ, ಆ ವಯಸ್ಸಿಗೆ ಹಾಕಬಹುದಾದ ಬಾಕಿ ಡೋಸ್‌ಗಳನ್ನು ಅಲ್ಲಿಯೇ ಹಾಕಿಸಲಿ. ಆದರೆ ಕಾರ್ಡ್ ಇಲ್ಲವೆಂದು ಯಾವ ಮಗುವನ್ನೂ ಬಾಗಿಲಿನಿಂದ ವಾಪಸು ಕಳುಹಿಸಬಾರದು.