ಪೋಷಣಾ ವಿಜ್ಞಾನದ ವಿದ್ಯಾರ್ಥಿಗಳ ಅನುಭವ ಅಡುಗೆಮನೆಯಿಂದ ಶುರುವಾಗಲಿ

ಆಹಾರ ವಿಜ್ಞಾನ ಮತ್ತು ಪೋಷಣೆಯಲ್ಲಿ ಎಂ.ಎಸ್ಸಿ. ಮುಗಿಸಿ, ಆಸ್ಪತ್ರೆಯ ಡಯಟ್ ವಿಭಾಗಕ್ಕೆ ಇಂಟರ್ನ್‌ಶಿಪ್ ಕೇಳಿಕೊಂಡು ಬರುವವರ ಅರ್ಜಿಗಳನ್ನು ಓದುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಹೆಚ್ಚುಕಡಿಮೆ ಎಲ್ಲ ಅರ್ಜಿಗಳಲ್ಲೂ ಸಂಶೋಧನೆ, ನಾಯಕತ್ವ, ಸ್ವಯಂಸೇವೆ, ಕೆಲಸದ ಅನುಭವ ಎಂಬ ನಾಲ್ಕು ತಲೆಬರಹಗಳು ಇದೇ ಕ್ರಮದಲ್ಲಿ ಇರುತ್ತವೆ. ಸಂಶೋಧನೆಗೆ ಅರ್ಧ ಪುಟ ಮೀಸಲು. ಹಾಸ್ಟೆಲ್ ಮೆಸ್ಸಿನಲ್ಲೋ ಕ್ಯಾಂಟೀನಿನಲ್ಲೋ ಆಸ್ಪತ್ರೆಯ ಅಡುಗೆಮನೆಯಲ್ಲೋ ಮಾಡಿದ ಕೆಲಸಕ್ಕೆ ಕೊನೆಯಲ್ಲಿ ಒಂದು ಸಾಲು. ಆ ಒಂದು ಸಾಲನ್ನೂ ಬರೆಯಲು ಹಿಂಜರಿಯುವವರಿದ್ದಾರೆ. ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ. ನಮ್ಮ ವಿಷಯದಲ್ಲಿ ಅಡುಗೆಮನೆಯ ಕೆಲಸ ಗೊತ್ತಿಲ್ಲದವರು ಮಾಡಿದ ಸಂಶೋಧನೆಯ ಅಂಕಿಗಳನ್ನು ನಂಬುವುದು ಕಷ್ಟ.

ಏಕೆಂಬುದನ್ನು ಒಂದು ಲೆಕ್ಕದಿಂದಲೇ ಹೇಳುತ್ತೇನೆ. ನಮ್ಮಲ್ಲಿ ಬಹಳಷ್ಟು ಡಿಸರ್ಟೇಷನ್‌ಗಳು (ವಿದ್ಯಾರ್ಥಿಗಳ ಸಂಶೋಧನಾ ಪ್ರಬಂಧಗಳು) ನಿಂತಿರುವುದು, ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಏನೇನು ತಿಂದಿರಿ ಎಂದು ಕೇಳಿ ಬರೆದುಕೊಳ್ಳುವ ಪದ್ಧತಿಯ ಮೇಲೆ. ಮಂಡ್ಯದ ಕಡೆಯ ಒಬ್ಬ ತಾಯಿ 'ಮಧ್ಯಾಹ್ನ ಒಂದು ಮುದ್ದೆ, ಸೊಪ್ಪಿನ ಸಾರು' ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ವಿದ್ಯಾರ್ಥಿನಿ ಆ ಮುದ್ದೆಯನ್ನು 300 ಗ್ರಾಂ ಎಂದು ಅಂದಾಜಿಸಿ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಕೋಷ್ಟಕವನ್ನು ತೆರೆಯುತ್ತಾಳೆ. ಅಲ್ಲಿ 100 ಗ್ರಾಂ ರಾಗಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಎಂದಿದೆ. ಮೂರರಿಂದ ಗುಣಿಸಿದರೆ 1,092. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕೆಂದು ಅದೇ ಸಂಸ್ಥೆಯ 2020ರ ಶಿಫಾರಸು ಹೇಳುವುದರಿಂದ, ಆ ತಾಯಿಗೆ ಒಂದೇ ಹೊತ್ತಿನ ಊಟದಲ್ಲಿ ದಿನದ ಕ್ಯಾಲ್ಸಿಯಂ ಪೂರ್ತಿ ಸಿಕ್ಕಿ, ಮಿಕ್ಕಿಯೂ ಬಿಟ್ಟಿತು! ಆದರೆ ಕೋಷ್ಟಕದಲ್ಲಿರುವುದು ಬೇಯಿಸದ ರಾಗಿಯ ಲೆಕ್ಕ, ಮುದ್ದೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಎಸರಿಗೆ ಎಷ್ಟು ನೀರಿಟ್ಟು ಎಷ್ಟು ಹಿಟ್ಟು ಹಾಕಿದರೆ ಎಷ್ಟು ತೂಕದ ಮುದ್ದೆಯಾಗುತ್ತದೆ ಎಂಬುದನ್ನು ಒಮ್ಮೆಯಾದರೂ ತಾನೇ ತೊಳಸಿ, ಕಟ್ಟಿ, ತಕ್ಕಡಿಯ ಮೇಲಿಟ್ಟು ನೋಡಿದವಳು ಹೀಗೆ ಬರೆಯುವುದಿಲ್ಲ.

ಸಾರಿನ ಲೆಕ್ಕ ಇನ್ನೂ ತೊಡಕಿನದು. ಬೇಳೆ ಪಾತ್ರೆಯ ತಳದಲ್ಲಿ ಕೂತಿರುತ್ತದೆ. ಸೌಟಿನಿಂದ ಕದಡಿ ಬಡಿಸಿದರೋ ಮೇಲಿನ ತಿಳಿಯನ್ನಷ್ಟೇ ಬಡಿಸಿದರೋ ಎಂಬುದರ ಮೇಲೆ ಒಂದು ಬಟ್ಟಲಿನ ಪ್ರೋಟೀನ್ ಎರಡು ಮೂರು ಪಟ್ಟು ವ್ಯತ್ಯಾಸವಾಗಬಹುದು. ಮಗುವಿಗೆ ಖಾರವಾದೀತೆಂದು ತಿಳಿಯನ್ನೇ ಅನ್ನಕ್ಕೆ ಕಲಸುವ ಮನೆಗಳು ಎಷ್ಟಿಲ್ಲ! ಅಳತೆಯ ಬಟ್ಟಲುಗಳನ್ನು ಕೈಯಲ್ಲಿ ಹಿಡಿದು ಹೋದರಷ್ಟೇ ಸಾಲದು, ಯಾರು ಯಾರಿಗೆ ಯಾವಾಗ ಬಡಿಸಿದರು ಎಂದು ಕೇಳುವುದೂ ತಿಳಿದಿರಬೇಕು. ಈ ಪ್ರಶ್ನೆ ಅಡುಗೆ ಮಾಡಿ ಬಡಿಸಿದವರಿಗೆ ತಾನಾಗಿಯೇ ಹೊಳೆಯುತ್ತದೆ. ಹೊಳೆಯದಿದ್ದರೆ ಮುಂದೆ ಅಂಕಿಅಂಶ ವಿಶ್ಲೇಷಿಸುವ ತಂತ್ರಾಂಶವಾದ ಎಸ್‌ಪಿಎಸ್‌ಎಸ್‌ನಲ್ಲಿ ಯಾವ ಪರೀಕ್ಷೆ ನಡೆಸಿದರೂ ತಪ್ಪು ಅಂಕಿ ಸರಿಯಾಗುವುದಿಲ್ಲ.

ಆಸ್ಪತ್ರೆಯ ಅಡುಗೆಮನೆ ಕಲಿಸುವುದು ಇನ್ನೊಂದು ಬಗೆಯದು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಪೊಟ್ಯಾಸಿಯಂ ಕಡಿಮೆ ಮಾಡಲು, ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಬಸಿದು ತಿನ್ನಿ ಎಂದು ನಾವು ಹೇಳಿಕೊಡುತ್ತೇವೆ. ಪುಸ್ತಕದ ಮಟ್ಟಿಗೆ ಈ ಸಲಹೆಯಲ್ಲಿ ಕೊರತೆಯಿಲ್ಲ. ನಮ್ಮ ಅಡುಗೆಯವರೊಬ್ಬರು ಒಮ್ಮೆ ಇಂಟರ್ನ್ ಹುಡುಗಿಯನ್ನು ಕೇಳಿದರು: 'ಬಸಿದ ನೀರನ್ನು ಚೆಲ್ಲಿ ಅಂತಲೂ ಹೇಳಿದಿರಾ ಮೇಡಂ? ನಮ್ಮ ಕಡೆ ಆ ನೀರಲ್ಲೇ ಬಸ್ಸಾರು ಮಾಡೋದು.' ತರಕಾರಿಯಿಂದ ಹೊರಬಂದ ಪೊಟ್ಯಾಸಿಯಂ ಅಷ್ಟೂ ಬಸ್ಸಾರಿನ ಮೂಲಕ ಅದೇ ತಟ್ಟೆಗೆ ಮರಳುತ್ತದೆ ಎಂಬುದನ್ನು ಮೈಸೂರು, ಮಂಡ್ಯ, ಹಾಸನಗಳ ರೋಗಿಗಳಿಗೆ ಬಿಡಿಸಿ ಹೇಳಲೇಬೇಕು. ಆಕೆ ಅಂದಿನಿಂದ ಸಲಹಾ ಚೀಟಿಯಲ್ಲಿ ಆ ಸಾಲನ್ನು ಸೇರಿಸಿದಳು. ಇದರ ಮೇಲೆ ಒಂದು ಒಳ್ಳೆಯ ಡಿಸರ್ಟೇಷನ್ ಆಗಬಹುದು: ಯಾವ ಸೊಪ್ಪನ್ನು, ಯಾವ ಕಾಳನ್ನು ಎಷ್ಟು ಹೊತ್ತು ಬೇಯಿಸಿದರೆ ಎಷ್ಟು ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು, ಅದರ ಫಲಿತಾಂಶ ಮರುದಿನವೇ ವಾರ್ಡಿನಲ್ಲಿ ಬಳಕೆಗೆ ಬರುತ್ತದೆ.

ಇಂಥ ಪ್ರಶ್ನೆಗಳನ್ನು ಬಿಟ್ಟು ನಾವು ಮತ್ತೆ ಮತ್ತೆ ಅಂಗನವಾಡಿಗೆ ಹೋಗಿ ಮಕ್ಕಳನ್ನು ತೂಗಿ ಬರುತ್ತೇವೆ. 1975ರ ಅಕ್ಟೋಬರ್ 2ರಂದು, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ತಿ. ನರಸೀಪುರ; ಅಂದಿನಿಂದ ಕಾರ್ಯಕರ್ತೆಯರು ಆ ಕೆಲಸವನ್ನು ಮಾಡುತ್ತಲೇ ಇದ್ದಾರೆ. ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಆಗಲೇ ಹೇಳಿದೆ. ಒಂದು ಹೋಬಳಿಯ ನೂರು ಮಕ್ಕಳನ್ನು ಅಳೆದು ಅದೇ ಮಾತನ್ನು ಇನ್ನೊಂದು ದಶಮಾಂಶದೊಂದಿಗೆ ಹೇಳಿದರೆ ಆ ಹೋಬಳಿಗೆ ಏನು ಸಿಕ್ಕಿತು? ತೋಳಿನ ಸುತ್ತಳತೆಯ ಪಟ್ಟಿ 11.5 ಸೆಂಟಿಮೀಟರಿಗಿಂತ ಕಡಿಮೆ, ಅಂದರೆ ತೀವ್ರ ಅಪೌಷ್ಟಿಕತೆ, ತೋರಿಸಿದ ಮಗುವಿಗೆ ಮಾದರಿ ಸಂಖ್ಯೆ ಕೊಟ್ಟು ಮುಂದಿನ ಮಗುವಿಗೆ ಹೋಗುವಂತಿಲ್ಲ. ಅಂದೇ ಕಾರ್ಯಕರ್ತೆಗೆ ತಿಳಿಸಿ, ತಾಯಿಯೊಂದಿಗೆ ಮಾತನಾಡಿ, ವೈದ್ಯರಿಗೆ ತೋರಿಸಿ, ಅಗತ್ಯವಿದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರುವವರೆಗೆ ಬೆನ್ನು ಹತ್ತಬೇಕು. ಹಾಗೆ ಮಾಡಿದವರು ಅದನ್ನು ಸಂಶೋಧನೆ ಎಂದು ಬರೆಯಬೇಕೋ ಸ್ವಯಂಸೇವೆ ಎಂದೋ ನಾಯಕತ್ವ ಎಂದೋ ನನಗೆ ತಿಳಿಯದು. ಯಾವುದರಡಿ ಬರೆದರೂ ಆ ಅರ್ಜಿಯನ್ನು ನಾನು ಪಕ್ಕಕ್ಕೆ ತೆಗೆದಿಡುತ್ತೇನೆ.

ಸ್ವಯಂಸೇವೆಯ ಹೆಸರಿನಲ್ಲಿ ಹೆಚ್ಚಾಗಿ ಕಾಣುವುದು ಸೆಪ್ಟೆಂಬರಿನ ಪೋಷಣ್ ಮಾಸದ ಫೋಟೋಗಳು: ಧಾನ್ಯಗಳ ರಂಗೋಲಿ, ಭಿತ್ತಿಪತ್ರ, ಅತಿಥಿಗಳಿಗೆ ಹೂಗುಚ್ಛ. ಅದು ತಪ್ಪೆಂದು ಹೇಳುವುದಿಲ್ಲ. ಆದರೆ 2017ರಲ್ಲಿ ಮಾತೃಪೂರ್ಣ ಯೋಜನೆ ಬಂದು, ಗರ್ಭಿಣಿಯರೂ ಬಾಣಂತಿಯರೂ ಮಧ್ಯಾಹ್ನದ ಬಿಸಿಯೂಟಕ್ಕೆ ಅಂಗನವಾಡಿಗೇ ಬರಬೇಕೆಂದಾಗ, ಮಲೆನಾಡಿನ ಒಂಟಿ ಮನೆಗಳಿಂದ ಗುಡ್ಡ ಇಳಿದು ಹತ್ತಿ ಊಟಕ್ಕೆ ಬರುವುದು ಹೇಗೆ, ಪಥ್ಯದಲ್ಲಿರುವ ಬಾಣಂತಿ ಮನೆಯ ಹೊರಗೆ ಉಂಡಾಳೇ ಎಂಬುದನ್ನು ಮನೆಮನೆಗೆ ಹೋದ ಸ್ವಯಂಸೇವಕಿ ವೇದಿಕೆಯ ಮೇಲಿದ್ದವರಿಗಿಂತ ಮೊದಲೇ ಅರಿಯಬಲ್ಲಳು. ಬಾರದವರ ಮನೆಗೆ ಹೋಗಿ ಏಕೆ ಬರಲಿಲ್ಲವೆಂದು ಕೇಳಿ ತಿಳಿಯುವುದು ನನ್ನ ದೃಷ್ಟಿಯಲ್ಲಿ ನಿಜವಾದ ಕ್ಷೇತ್ರಕಾರ್ಯ.

ನಾಯಕತ್ವದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನ್ಯೂಟ್ರಿಷನ್ ಕ್ಲಬ್ಬಿನ ಅಧ್ಯಕ್ಷತೆಗಿಂತ, ಊಟವಾದ ತಕ್ಷಣ ಕೊಡುತ್ತಿದ್ದ ಟೀಯನ್ನು ಒಂದು ಗಂಟೆ ತಡವಾಗಿ ಕೊಡುವಂತೆ ಹಾಸ್ಟೆಲ್ ವಾರ್ಡನ್ನರನ್ನೂ ಗೆಳತಿಯರನ್ನೂ ಒಪ್ಪಿಸಿದ ಹುಡುಗಿಯ ಕೆಲಸ ನನಗೆ ದೊಡ್ಡದಾಗಿ ಕಂಡಿತು. ಟೀಯಲ್ಲಿರುವ ಟ್ಯಾನಿನ್ ಊಟದಲ್ಲಿನ ಕಬ್ಬಿಣದ ಅಂಶವನ್ನು ದೇಹ ಹೀರದಂತೆ ತಡೆಯುತ್ತದೆ. ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ, ಆ ಹಾಸ್ಟೆಲ್ ಇದಕ್ಕೆ ಹೊರತಾಗಿರಲಾರದು.

ಇಷ್ಟಾದರೂ ಅಡುಗೆಮನೆಯ ಕೆಲಸವನ್ನು ವಿದ್ಯಾರ್ಥಿಗಳು ಮುಚ್ಚಿಡುವುದಕ್ಕೆ ಅವರನ್ನಷ್ಟೇ ದೂರಲಾಗದು. ಆ ಕೆಲಸಕ್ಕೆ ನಾವೇ ಬೆಲೆ ಕಟ್ಟಿಲ್ಲ. ನೋಂದಾಯಿತ ಡಯಟೀಷಿಯನ್ ಆಗಲು ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ನಿನ ಪರೀಕ್ಷೆಗೆ ಕೂರುವವರು ಆರು ತಿಂಗಳು ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮಾಡಿರಬೇಕು. ಎಂ.ಬಿ.ಬಿ.ಎಸ್. ಇಂಟರ್ನ್‌ಗಳಿಗೆ ಸ್ಟೈಪೆಂಡ್ ಇದೆ, ಡಯಟ್ ಇಂಟರ್ನ್‌ಗಳಿಗೆ ಬಹಳ ಕಡೆ ಇಲ್ಲ. ಅವರಿಂದಲೇ ಶುಲ್ಕ ಪಡೆಯುವ ಆಸ್ಪತ್ರೆಗಳೂ ಇವೆ. ಪೇಟೆಯಲ್ಲಿ ಪಿ.ಜಿ. ಬಾಡಿಗೆ ಕಟ್ಟಿ, ಆರು ತಿಂಗಳು ಸಂಬಳವಿಲ್ಲದೆ ಇರಬಲ್ಲ ಮನೆಗಳ ಮಕ್ಕಳಷ್ಟೇ ಈ ವೃತ್ತಿಯಲ್ಲಿ ಉಳಿಯುತ್ತಾರೆ. ಮುದ್ದೆಯ ತೂಕವನ್ನು ಕೈಯಂದಾಜಿನಲ್ಲೇ ಹೇಳಬಲ್ಲ ಹಳ್ಳಿಯ ಹುಡುಗಿ ಯಾವುದೋ ಪ್ರೋಟೀನ್ ಪುಡಿ ಮಾರುವ ಕೆಲಸಕ್ಕೆ ಸೇರುತ್ತಾಳೆ. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಡಯಟೀಷಿಯನ್ನರನ್ನೂ ನ್ಯೂಟ್ರಿಷನಿಸ್ಟರನ್ನೂ ತನ್ನ ವ್ಯಾಪ್ತಿಗೆ ತಂದಿರುವುದರಿಂದ, ಸ್ಟೈಪೆಂಡಿನ ಮಾತನ್ನು ಈಗ ಎತ್ತದಿದ್ದರೆ ಮತ್ತೆ ಯಾವಾಗ ಎತ್ತುವುದು? ಇಂಟರ್ನ್‌ಗಳಿಗೆ ತಿಂಗಳ ಸ್ಟೈಪೆಂಡ್ ಮತ್ತು ಕೆಲಸದ ಹೊತ್ತಿನ ಊಟ ಕೊಡಬೇಕೆಂದು ನಮ್ಮ ಆಡಳಿತಕ್ಕೆ ಬರೆಯುತ್ತಿದ್ದೇನೆ. ಬೇರೆ ಆಸ್ಪತ್ರೆಗಳ ಡಯಟೀಷಿಯನ್ನರು ತಮ್ಮಲ್ಲಿ ಎಷ್ಟು ಕೊಡುತ್ತಾರೆ, ಅಥವಾ ಎಷ್ಟು ವಸೂಲು ಮಾಡುತ್ತಾರೆ ಎಂಬುದನ್ನು ತಿಳಿಸಿದರೆ ಆ ಪತ್ರಕ್ಕೆ ಬಲ ಬರುತ್ತದೆ.